ಪ್ರಶ್ನೋತ್ತರ: ಸಿಂಥಸೈಜರ್ ಕಿಟ್‌ನ ಪ್ಯಾನೆಲ್ ಕೆಡದಂತೆ ಸ್ವಿಚ್ ಕೂರಿಸುವುದು ಹೇಗೆ?

ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯವಾದ ಸಿಂಥಸೈಜರಿನ ಕಿಟ್‌ಗಳನ್ನು ಮನೆಯಲ್ಲೇ ಜೋಡಿಸುವ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸರ್ಕ್ಯೂಟಿನ ಬಗ್ಗೆ ಇರದೆ ಮುಂಭಾಗದ ಪ್ಯಾನೆಲ್ಲಿನ ಬಗ್ಗೆಯೇ ಇವೆ. ತಪ್ಪಿದ ಬೆಸುಗೆಯನ್ನು ಬಿಡಿಸಿ ಮತ್ತೆ ಹಾಕಬಹುದು. ಪ್ಯಾನೆಲ್ಲಿನ ಮೇಲೆ ಬಿದ್ದ ಗೀರನ್ನು ತೆಗೆಯಲು ಆಗದು. ಆದ್ದರಿಂದ ಈ ಕಂತನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ (ಮೈಸೂರಿನಿಂದ): ಯೂರೋರ್ಯಾಕ್ ಎಂಬ ಚಿಕ್ಕ ಅಳತೆಯ ಮಾಡ್ಯೂಲಿನ (ಸಿಂಥಸೈಜರಿನ ಬಿಡಿ ಘಟಕದ) ಫಿಲ್ಟರ್ ಕಿಟ್ ಒಂದನ್ನು ತರಿಸಿಕೊಂಡಿದ್ದೆ. ಪ್ಯಾನೆಲ್ಲು ಕಪ್ಪು ಆನೊಡೈಸ್ ಮಾಡಿದ ಅಲ್ಯೂಮಿನಿಯಂನದು. ಸ್ವಿಚ್ಚುಗಳಿಂದ ಬೋರ್ಡಿಗೆ ವೈರ್ ಎಳೆಯಬೇಕಾದ ಕಿಟ್ ಅದು. ಟಾಗಲ್ ಸ್ವಿಚ್ಚಿನ (ಪುಟ್ಟ ಕಡ್ಡಿಯನ್ನು ಆಡಿಸುವ ಸ್ವಿಚ್ಚಿನ) ನಟ್ಟನ್ನು ಇಕ್ಕಳದಿಂದ ಬಿಗಿ ಮಾಡಿದೆ. ಆಮೇಲೆ ಬಿಚ್ಚಿ ನೋಡಿದರೆ ರಂಧ್ರದ ಸುತ್ತ ಬಳೆಯಾಕಾರದ ಬಿಳಿಯ ಉಜ್ಜುಗುರುತು, ಅದರ ಪಕ್ಕದಲ್ಲಿ ಇಕ್ಕಳ ಜಾರಿ ಎಳೆದ ಉದ್ದದ ಗೀರು. ನಾನು ಅಗತ್ಯಕ್ಕಿಂತ ಹೆಚ್ಚು ಬಲ ಹಾಕಿದೆನೇ?

ಉತ್ತರ: ಬಲ ಸ್ವಲ್ಪ ಹೆಚ್ಚಾಗಿರಬಹುದು, ಆದರೆ ಮುಖ್ಯವಾದ ತಪ್ಪು ಅಲ್ಲಿಲ್ಲ. ನಟ್ಟು ಪ್ಯಾನೆಲ್ಲನ್ನು ನೇರವಾಗಿ ಒತ್ತುವುದರಿಂದ ಲೇಪಕ್ಕೆ ಆಗುವ ಹಾನಿ ಬಹಳ ಕಡಿಮೆ. ಹಾಗೆ ಒತ್ತಿಕೊಂಡಿರುವಾಗಲೇ ನಟ್ಟು ತಿರುಗಿದರೆ ಲೇಪ ಅರೆದುಹೋಗುತ್ತದೆ. ನೀವು ನೋಡಿದ ಬಳೆಯ ಗುರುತು ಹೀಗೆ ಆದದ್ದು. ಆನೊಡೈಸ್ ಪದರವು ಅಲ್ಯೂಮಿನಿಯಂನ ಆಕ್ಸೈಡೇ ಆಗಿದ್ದು, ಅದು ಗಟ್ಟಿ, ಆದರೆ ಬಹಳ ತೆಳು, ಅದರ ಕೆಳಗಿರುವ ಲೋಹವೋ ಮೃದು. ಅನ್ನದ ಮೇಲೆ ಹಪ್ಪಳ ಇಟ್ಟು ಬೆರಳಿನಿಂದ ಅದುಮಿ ಉಜ್ಜಿದರೆ ಏನಾಗುವುದೋ ಇಲ್ಲಿ ಆಗುವುದೂ ಅದೇ. ಹಪ್ಪಳ ಎಷ್ಟೇ ಗರಿಗರಿಯಾಗಿದ್ದರೂ ಅಡಿಯ ಅನ್ನ ಕುಸಿದಾಗ ಅದು ಮುರಿಯುತ್ತದೆ. ಕಪ್ಪು ಬಣ್ಣ ಇರುವುದು ಆ ತೆಳುಪದರದೊಳಗೆ ಮಾತ್ರ. ಅದು ಕಿತ್ತುಹೋದ ಕಡೆ ಬರಿಯ ಅಲ್ಯೂಮಿನಿಯಂ ಬೆಳ್ಳಗೆ ಕಾಣುತ್ತದೆ.

ನಿಮ್ಮ ಪತ್ರದಲ್ಲಿ ಒಂದು ವಿವರ ಬಿಟ್ಟುಹೋಗಿದೆ: ಸ್ವಿಚ್ಚಿನ ಜೊತೆ ಬಂದ ವಾಷರ್‌ಗಳನ್ನು ಎಲ್ಲಿ ಹಾಕಿದಿರಿ? ಸಾಮಾನ್ಯವಾಗಿ ಒಂದು ಟಾಗಲ್ ಸ್ವಿಚ್ಚಿನ ಜೊತೆ ಎರಡು ನಟ್ಟು, ಒಳಬದಿಗೆ ಹಲ್ಲುಗಳಿರುವ ಒಂದು ವಾಷರ್, ಮತ್ತು ಅಂಚಿನಲ್ಲಿ ಚಿಕ್ಕ ನಾಲಿಗೆ ಚಾಚಿರುವ ಇನ್ನೊಂದು ವಾಷರ್ ಬರುತ್ತವೆ. ಹಲ್ಲಿನ ವಾಷರ್ ಇರುವುದೇ ಲೋಹವನ್ನು ಕಚ್ಚಿ ಹಿಡಿಯುವುದಕ್ಕೆ. ಅದನ್ನು ಎದುರಿಗೆ, ನಟ್ಟಿನ ಅಡಿಯಲ್ಲಿ ಹಾಕಿದರೆ ಅದು ತನ್ನ ಕೆಲಸವನ್ನು ನಿಮ್ಮ ಲೇಪದ ಮೇಲೆಯೇ ಮಾಡುತ್ತದೆ. ಅದರ ಜಾಗ ಪ್ಯಾನೆಲ್ಲಿನ ಹಿಂಬದಿ. ನಾಲಿಗೆಯ ವಾಷರ್ ಬೇಕಾಗುವುದು ಸ್ವಿಚ್ಚಿನ ರಂಧ್ರದ ಪಕ್ಕದಲ್ಲಿ ಆ ನಾಲಿಗೆಗೆಂದೇ ಮತ್ತೊಂದು ಪುಟ್ಟ ತೂತು ಇರುವ ಪ್ಯಾನೆಲ್ಲಿಗೆ. ಕಿಟ್‌ಗಳ ಪ್ಯಾನೆಲ್ಲಿನಲ್ಲಿ ಹೆಚ್ಚಾಗಿ ಅಂಥ ತೂತು ಇರುವುದಿಲ್ಲ. ಆಗ ಆ ವಾಷರನ್ನು ಬಿಟ್ಟುಬಿಡಿ. ತೂತಿಲ್ಲದ ಪ್ಯಾನೆಲ್ಲಿಗೆ ನಾಲಿಗೆಯನ್ನು ಒತ್ತಿ ಕೂರಿಸಿದರೆ ಸ್ವಿಚ್ಚು ಒಂದು ಪಕ್ಕಕ್ಕೆ ವಾಲುತ್ತದೆ, ಲೇಪಕ್ಕೂ ಕುಳಿ ಬೀಳುತ್ತದೆ.

ಎರಡನೆಯ ನಟ್ಟು ಹೆಚ್ಚುವರಿ ಎಂದು ಹಲವರು ಅದನ್ನು ಡಬ್ಬಿಗೆ ಹಾಕಿ ಮರೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಪೊಟ್ಟಣದಲ್ಲಿರುವ ಅತಿ ಮುಖ್ಯವಾದ ಭಾಗವೇ ಅದು. ಮೊದಲು ಅದನ್ನು ಸ್ವಿಚ್ಚಿನ ಕುತ್ತಿಗೆಯ ಮೇಲೆ ಹಿಂದಕ್ಕೆ ತಿರುಗಿಸಿ ಕೂರಿಸಿ, ಅದರ ಮೇಲೆ ಹಲ್ಲಿನ ವಾಷರ್ ಇಟ್ಟು, ಸ್ವಿಚ್ಚನ್ನು ಹಿಂಬದಿಯಿಂದ ಪ್ಯಾನೆಲ್ಲಿಗೆ ತೂರಿಸಿರಿ. ಎದುರಿನಿಂದ ಇನ್ನೊಂದು ನಟ್ಟನ್ನು ಬರಿಗೈಯಲ್ಲಿ ಹಾಕಿ. ಥ್ರೆಡ್ಡಿನ ತುದಿ ಎದುರಿನ ನಟ್ಟಿನ ಮಟ್ಟಕ್ಕೆ, ಅಥವಾ ಅದಕ್ಕಿಂತ ಕೂದಲೆಳೆಯಷ್ಟು ಮೇಲಕ್ಕೆ ಬರುವಂತೆ ಹಿಂದಿನ ನಟ್ಟನ್ನು ಹೊಂದಿಸಿಕೊಳ್ಳಿ. ಇಷ್ಟಾದ ಮೇಲೆ ಬಿಗಿ ಮಾಡುವ ಕೆಲಸವನ್ನೆಲ್ಲ ಹಿಂದಿನಿಂದ ಮಾಡಿ: ಎದುರಿನ ನಟ್ಟನ್ನು ಸರಿಯಾದ ಅಳತೆಯ ಸ್ಪ್ಯಾನರಿನಿಂದ ಅಲುಗದಂತೆ ಹಿಡಿದುಕೊಂಡು, ಸ್ವಿಚ್ಚಿನ ದೇಹವನ್ನು ಬೆರಳುಗಳಲ್ಲಿ ಭದ್ರಪಡಿಸಿ, ತೆಳ್ಳನೆಯ ಇನ್ನೊಂದು ಸ್ಪ್ಯಾನರಿನಿಂದ ಹಿಂದಿನ ನಟ್ಟನ್ನು ಪ್ಯಾನೆಲ್ಲಿನ ಕಡೆಗೆ ತಿರುಗಿಸಿ. ಹಿಂಬದಿಯಿಂದ ನೋಡುವವರಿಗೆ ಅದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ತಿರುಗುತ್ತದೆಯಾದ್ದರಿಂದ ಗೊಂದಲವಾಗದು. ಎರಡು ಕೈ ಸಾಲದೆ ಬಂದರೆ ಮನೆಯವರೊಬ್ಬರನ್ನು ಕರೆಯಿರಿ; ಅವರು ಎದುರಿನ ಸ್ಪ್ಯಾನರನ್ನು ಹಿಡಿದು ಸುಮ್ಮನೆ ನಿಂತರೆ ಸಾಕು. ಹೀಗೆ ಮಾಡಿದಾಗ ಲೇಪವನ್ನು ಮುಟ್ಟಿರುವ ನಟ್ಟು ತಿರುಗುವುದೇ ಇಲ್ಲ, ತಿರುಗುವ ನಟ್ಟು ಮತ್ತು ಕಚ್ಚುವ ವಾಷರ್ ಎರಡೂ ಯಾರಿಗೂ ಕಾಣದ ಬದಿಯಲ್ಲಿರುತ್ತವೆ.

ಎದುರಿಗೆ ಹಾಕುವ ನಟ್ಟನ್ನು ಹಾಕುವ ಮುನ್ನ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಒತ್ತು ಅಚ್ಚಿನಲ್ಲಿ ಕತ್ತರಿಸಿದ ಅಗ್ಗದ ನಟ್ಟುಗಳ ಒಂದು ಮುಖದ ಅಂಚು ನುಣುಪಾಗಿರುತ್ತದೆ, ಇನ್ನೊಂದು ಮುಖದಲ್ಲಿ ಉಗುರಿಗೆ ತಾಗುವಂಥ ಚೂಪಾದ ಅಂಚು ಉಳಿದಿರುತ್ತದೆ. ನುಣುಪಾದ ಮುಖ ಪ್ಯಾನೆಲ್ಲಿನ ಕಡೆಗೆ ಇರಬೇಕು. ಎರಡೂ ಮುಖ ಒರಟಾಗಿದ್ದರೆ ಗಾಜಿನ ಮೇಲೆ 1000 ಅಥವಾ 1200 ನಂಬರಿನ ಎಮರಿ ಪೇಪರ್ ಹಾಸಿ, ನಟ್ಟನ್ನು ಅದರ ಮೇಲೆ ಹತ್ತಾರು ಸುತ್ತು ಆಡಿಸಿದರೆ ಸಾಕು.

ಇನ್ನು ಇಕ್ಕಳ. ಅದನ್ನು ಈ ಕೆಲಸದ ಮೇಜಿನಿಂದಲೇ ಆಚೆ ಇಡಿ. ಇಕ್ಕಳದ ಬಾಯಿ ಸಮಾನಾಂತರವಾಗಿ ತೆರೆದುಕೊಳ್ಳುವುದಿಲ್ಲ, ಹೀಗಾಗಿ ಅದು ನಟ್ಟಿನ ಎರಡು ಮೂಲೆಗಳನ್ನು ಮಾತ್ರ ಹಿಡಿಯುತ್ತದೆ, ಜಾರುವುದು ಕಾಲಕ್ಕೆ ಬಿಟ್ಟ ವಿಷಯ. ನನ್ನ ಮೊದಲ ಕಿಟ್‌ನ ಪ್ಯಾನೆಲ್ಲಿನಲ್ಲಿ ಅಂಥ ಗೀರು ಇವತ್ತಿಗೂ ಇದೆ. ಅದರ ಮೇಲೆ ನಾಬ್ ಬರುವಂತಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ನನ್ನ ಕಿಟ್‌ನಲ್ಲಿ ಸ್ವಿಚ್ಚು, ಜ್ಯಾಕ್ (ಪ್ಲಗ್ ಚುಚ್ಚುವ ಕಿಂಡಿ), ಪೊಟೆನ್ಶಿಯೋಮೀಟರ್ (ನಾಬಿನಡಿಯ ತಿರುಗುವ ಭಾಗ) ಎಲ್ಲವನ್ನೂ ಪಿಸಿಬಿಗೆ, ಅಂದರೆ ಸರ್ಕ್ಯೂಟ್ ಬೋರ್ಡಿಗೆ, ಬೆಸುಗೆ ಹಾಕಿ, ಅದರ ಮೇಲೆ ಪ್ಯಾನೆಲ್ ಕೂರಿಸಬೇಕು. ಹಿಂದಿನಿಂದ ಸ್ಪ್ಯಾನರ್ ಹಾಕಲು ಜಾಗವೇ ಇಲ್ಲ. ಆಗ ಎದುರಿನಿಂದಲೇ ಬಿಗಿ ಮಾಡದೆ ಬೇರೆ ದಾರಿ ಇದೆಯೇ?

ಉತ್ತರ: ಇಲ್ಲ, ಎದುರಿನಿಂದಲೇ ಮಾಡಬೇಕು. ಇಂದಿನ ಯೂರೋರ್ಯಾಕ್ ಕಿಟ್‌ಗಳಲ್ಲಿ ಹೆಚ್ಚಿನವು ಹೀಗೆಯೇ ಇರುತ್ತವೆ. ಜರ್ಮನಿಯ ಡೀಟರ್ ಡೋಪ್ಫರ್ ಅವರು 1990ರ ದಶಕದ ನಡುವಿನಲ್ಲಿ ತಂದ ಈ ಅಳತೆಯಲ್ಲಿ ಪ್ಯಾನೆಲ್ಲಿನ ಎತ್ತರ 128.5 ಮಿಲಿಮೀಟರ್, ಅಗಲವನ್ನು 5.08 ಮಿಲಿಮೀಟರಿನ ಗುಣಕಗಳಲ್ಲಿ ಲೆಕ್ಕ ಹಾಕುತ್ತಾರೆ. ಅಷ್ಟು ಕಿರಿದಾದ ಜಾಗದಲ್ಲಿ ಬೋರ್ಡು ಪ್ಯಾನೆಲ್ಲಿನ ಬೆನ್ನಿಗೇ ಅಂಟಿಕೊಂಡಂತೆ ನಿಲ್ಲುತ್ತದೆ, ನಡುವೆ ಸ್ಪ್ಯಾನರ್ ಆಡುವುದಿಲ್ಲ.

ಆದರೆ ಎದುರಿನಿಂದ ಬಿಗಿ ಮಾಡುವಾಗ ಬೇಕಾಗುವ ಬಲವನ್ನು ತೀರ ಕಡಿಮೆ ಮಾಡಿಕೊಳ್ಳುವ ದಾರಿ ಇದೆ, ಅದು ಬೆಸುಗೆಯ ಕ್ರಮದಲ್ಲಿದೆ. ಎಲ್ಲವನ್ನೂ ಮೊದಲೇ ಬೆಸೆದು ಆಮೇಲೆ ಪ್ಯಾನೆಲ್ ಹೊಂದಿಸಲು ಹೋದವರಿಗೆ ಯಾವುದಾದರೂ ಒಂದು ಸ್ವಿಚ್ಚು ಅರ್ಧ ಮಿಲಿಮೀಟರ್ ಓರೆಯಾಗಿ, ಇಲ್ಲವೇ ತಗ್ಗಾಗಿ ನಿಂತಿರುವುದು ಖಂಡಿತ. ಆ ಓರೆಯನ್ನು ಸರಿಪಡಿಸುವ ಕೆಲಸ ಆಗ ನಟ್ಟಿನ ಮೇಲೆ ಬೀಳುತ್ತದೆ, ನಟ್ಟು ಪ್ಯಾನೆಲ್ಲನ್ನೂ ಬೋರ್ಡನ್ನೂ ಎಳೆದು ಹತ್ತಿರ ತರಬೇಕಾಗುತ್ತದೆ, ಆ ಎಳೆತದಲ್ಲೇ ಲೇಪ ಅರೆಯುತ್ತದೆ, ಬೆಸುಗೆಯೂ ಒಳಗೊಳಗೆ ಬಿರುಕು ಬಿಡಬಹುದು. ಆದ್ದರಿಂದ ಬಿಡಿಭಾಗಗಳನ್ನೆಲ್ಲ ಬೋರ್ಡಿಗೆ ಬೆಸೆಯದೆ ಸುಮ್ಮನೆ ಚುಚ್ಚಿ, ಪ್ಯಾನೆಲ್ಲನ್ನು ಮೇಲಿಟ್ಟು, ಎಲ್ಲ ನಟ್ಟುಗಳನ್ನೂ ಬೆರಳಿನಿಂದ ಕೂರಿಸಿ, ಬೋರ್ಡು ಮತ್ತು ಪ್ಯಾನೆಲ್ಲು ಸಮಾನಾಂತರವಾಗಿವೆಯೇ ಎಂದು ಪಕ್ಕದಿಂದ ಕಣ್ಣಿಟ್ಟು ನೋಡಿ. ನಂತರ ಪ್ರತಿಯೊಂದು ಭಾಗದ ಒಂದೇ ಒಂದು ಕಾಲಿಗೆ ಬೆಸುಗೆ ಹಾಕಿ. ಮತ್ತೊಮ್ಮೆ ನೋಡಿ. ತಪ್ಪಿದ್ದರೆ ಆ ಕಾಲನ್ನು ಬಿಸಿ ಮಾಡಿ ಸರಿಪಡಿಸಬಹುದು. ಎಲ್ಲವೂ ನೆಟ್ಟಗಿದ್ದರೆ ಉಳಿದ ಕಾಲುಗಳಿಗೆ ಬೆಸುಗೆ ಹಾಕಿ. ಈ ಕ್ರಮದಲ್ಲಿ ಹೋದರೆ ನಟ್ಟಿಗೆ ಸ್ವಿಚ್ಚು ಅಲುಗದಂತೆ ನೋಡಿಕೊಳ್ಳುವುದಷ್ಟೇ ಕೆಲಸ. ಅದಕ್ಕೆ ಬೆರಳ ಬಿಗಿಯ ಮೇಲೆ ಜ್ಯಾಕಿಗಾದರೆ ಎಂಟನೆಯ ಒಂದು ಸುತ್ತು, ಸ್ವಿಚ್ಚಿಗಾದರೆ ಹೆಚ್ಚೆಂದರೆ ಕಾಲು ಸುತ್ತು ಸಾಕಾಗುತ್ತದೆ.

ದೊಡ್ಡ ಪೊಟೆನ್ಶಿಯೋಮೀಟರುಗಳಿದ್ದರೆ ಅವುಗಳ ದೇಹದ ಮೇಲೆ ಒಂದು ಪುಟ್ಟ ಲೋಹದ ಮೊಳೆಯಂಥ ಚಾಚು ಇದೆಯೇ ನೋಡಿ. ಅದಕ್ಕೆ ಪ್ಯಾನೆಲ್ಲಿನಲ್ಲಿ ತೂತಿಲ್ಲದಿದ್ದರೆ ಇಕ್ಕಳದಿಂದ ಮುರಿದು ತೆಗೆಯಿರಿ. ಇಕ್ಕಳಕ್ಕೆ ಈ ಇಡೀ ಕೆಲಸದಲ್ಲಿ ಇರುವ ಉಪಯೋಗ ಇದೊಂದೇ.

ಉಪಕರಣದ ವಿಷಯಕ್ಕೆ ಬಂದರೆ, ಸ್ಕ್ರೂಡ್ರೈವರಿನಂಥ ಹಿಡಿಕೆಯಿರುವ ನಟ್ ಡ್ರೈವರ್ ಎಲ್ಲಕ್ಕಿಂತ ಒಳ್ಳೆಯದು. 3.5 ಮಿಲಿಮೀಟರ್ ಜ್ಯಾಕಿನ ಷಟ್ಕೋನದ ನಟ್ಟಿಗೆ 8 ಮಿಲಿಮೀಟರ್, 9 ಮಿಲಿಮೀಟರ್ ಚೌಕದ ಚಿಕ್ಕ ಪೊಟೆನ್ಶಿಯೋಮೀಟರಿನ ನಟ್ಟಿಗೆ 10 ಮಿಲಿಮೀಟರ್ ಡ್ರೈವರ್ ಹಿಡಿಯುತ್ತದೆ. ಆದರೆ ಅಂಗಡಿಯಿಂದ ತಂದ ಡ್ರೈವರಿನ ಬಾಯಿಯ ಒಳಅಂಚನ್ನು, ನಟ್ಟು ಸುಲಭವಾಗಿ ಒಳಗೆ ಹೋಗಲೆಂದು, ಇಳಿಜಾರಾಗಿ ಕೊರೆದಿರುತ್ತಾರೆ. ನಮ್ಮ ನಟ್ಟುಗಳ ದಪ್ಪ ಎರಡು ಮಿಲಿಮೀಟರಿನ ಆಸುಪಾಸು. ಆ ಇಳಿಜಾರು ಅದರಲ್ಲಿ ಅರ್ಧವನ್ನು ನುಂಗಿಬಿಡುತ್ತದೆ, ಉಳಿದರ್ಧವನ್ನು ಹಿಡಿದ ಡ್ರೈವರ್ ಮೇಲಕ್ಕೆ ಜಿಗಿದು ಪ್ಯಾನೆಲ್ಲಿಗೆ ಬಡಿಯುತ್ತದೆ. ಇದಕ್ಕೆ ಪರಿಹಾರ ಸುಲಭ. ಡ್ರೈವರಿನ ಮುಖವನ್ನು ಆ ಇಳಿಜಾರು ಹೋಗುವವರೆಗೆ ಸಪಾಟಾಗಿ ತೇಯಿಸಿರಿ. ಯಾವ ಊರಿನ ಲೇತ್ ಅಂಗಡಿಯವರಾದರೂ ಇದನ್ನು ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ, ಹೊರಅಂಚಿನ ಚೂಪನ್ನೂ ಹಾಗೆಯೇ ಸ್ವಲ್ಪ ಮುರಿದುಕೊಡಲು ಹೇಳಿ. ತೇಯಿಸಿದ ಮುಖಕ್ಕೆ ಒಂದು ಪದರ ಟೇಪ್ ಅಂಟಿಸಿ, ನಟ್ಟಿನ ಜಾಗವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದರೆ ಡ್ರೈವರ್ ಪ್ಯಾನೆಲ್ಲನ್ನು ಮುಟ್ಟಿದರೂ ಗುರುತಾಗುವುದಿಲ್ಲ. ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿಯದೆ ಹೆಬ್ಬೆರಳು ಮತ್ತು ಎರಡು ಬೆರಳುಗಳಲ್ಲಿ ಹಿಡಿಯಿರಿ, ಬಲ ತಾನಾಗಿಯೇ ಮಿತಿಯಲ್ಲಿರುತ್ತದೆ.

ಪ್ಯಾನೆಲ್ಲಿಗೇ ಮಾಸ್ಕಿಂಗ್ ಟೇಪ್ ಅಂಟಿಸಬಹುದೇ ಎಂದು ಇದೇ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಅಂಟಿಸಬಹುದು, ಆದರೆ ನಟ್ಟು ಟೇಪಿನ ಮೇಲೆ ಕೂರಬಾರದು, ಕೂತರೆ ಅದರ ಚೂರುಗಳು ನಟ್ಟಿನ ಅಡಿಯಲ್ಲಿ ಶಾಶ್ವತವಾಗಿ ಉಳಿಯುತ್ತವೆ. ಅಕ್ಷರಗಳನ್ನು ಸ್ಕ್ರೀನ್ ಪ್ರಿಂಟ್ ಮಾಡಿರುವ ಕಡೆ ಟೇಪು ಮಸಿಯನ್ನು ಎತ್ತಿಕೊಂಡು ಬರುವ ಸಾಧ್ಯತೆಯೂ ಇದೆ. ಮೊದಲು ಹಿಂಬದಿಯ ಮೂಲೆಯಲ್ಲೋ ಎದ್ದುಕಾಣದ ಅಂಚಿನಲ್ಲೋ ಪರೀಕ್ಷಿಸಿ, ಕೆಲಸ ಮುಗಿದ ದಿನವೇ ನಿಧಾನವಾಗಿ ಹಿಂದಕ್ಕೆ ಮಡಚಿ ಎಳೆದು ತೆಗೆಯಿರಿ. ಬೇಸಿಗೆಯಲ್ಲಿ ವಾರಗಟ್ಟಲೆ ಬಿಟ್ಟ ಟೇಪಿನ ಅಂಟು ಪ್ಯಾನೆಲ್ಲಿನಲ್ಲೇ ಉಳಿಯುತ್ತದೆ. ನಾನಂತೂ ಟೇಪಿಗಿಂತ ರಟ್ಟನ್ನೇ ಹೆಚ್ಚು ನೆಚ್ಚುತ್ತೇನೆ. ಮದುವೆಯ ಆಮಂತ್ರಣ ಪತ್ರಿಕೆಯ ದಪ್ಪ ಹಾಳೆಯಲ್ಲಿ ನಟ್ಟಿಗಿಂತ ತುಸು ದೊಡ್ಡದಾದ ತೂತು ಮಾಡಿ ಪ್ಯಾನೆಲ್ಲಿನ ಮೇಲಿಟ್ಟರೆ ಅದೇ ಗುರಾಣಿ, ಅಂಟಿನ ಹಂಗಿಲ್ಲ.

ಪ್ರಶ್ನೆ (ಅಮೆರಿಕದಿಂದ): ಇಲ್ಲಿ ನಾನು ಜೋಡಿಸುತ್ತಿರುವುದು 5ಯು ಎಂಬ ದೊಡ್ಡ ಅಳತೆಯ ಮಾಡ್ಯೂಲುಗಳನ್ನು. ಊರಿನಿಂದ ತಂದ ಮಿಲಿಮೀಟರ್ ಸ್ಪ್ಯಾನರುಗಳು ಕೆಲವು ನಟ್ಟುಗಳಿಗೆ ಸರಿಯಾಗಿ ಕೂರುತ್ತವೆ, ಕೆಲವಕ್ಕೆ ಕೂರುವುದಿಲ್ಲ. ಏಕೆ?

ಉತ್ತರ: 5ಯು ಅಳತೆ ಹಳೆಯ ಮೋಗ್ ಮಾಡ್ಯೂಲರ್ ಸಿಂಥಸೈಜರುಗಳಿಂದ ಬಂದದ್ದು, ಅದರ ಪ್ಯಾನೆಲ್ಲಿನ ಎತ್ತರ 8.75 ಇಂಚು. ಈ ಕಿಟ್‌ಗಳಲ್ಲಿ ಇಂಚಿನ ಬಿಡಿಭಾಗಗಳೇ ಹೆಚ್ಚು. ಕಾಲು ಇಂಚಿನ ಥ್ರೆಡ್ ಇರುವ ಟಾಗಲ್ ಸ್ವಿಚ್ಚಿನ ನಟ್ಟು 5/16 ಇಂಚು, ಅಂದರೆ 7.94 ಮಿಲಿಮೀಟರ್, ನಿಮ್ಮ 8ರ ಸ್ಪ್ಯಾನರ್ ಅದಕ್ಕೆ ಚೆನ್ನಾಗಿ ಕೂರುತ್ತದೆ. ದೊಡ್ಡ ಪೊಟೆನ್ಶಿಯೋಮೀಟರಿನ ನಟ್ಟು ಅರ್ಧ ಇಂಚು, ಅಂದರೆ 12.7, ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಸಡಿಲವಾಗಿದ್ದು ಮೂಲೆಯಲ್ಲಿ ಜಾರುತ್ತದೆ. ಆ ಒಂದು ಅಳತೆಗೆ ಮಾತ್ರ ಇಂಚಿನ ಸ್ಪ್ಯಾನರ್ ಕೊಂಡುಕೊಳ್ಳಿ.

ಥ್ರೆಡ್ಡುಗಳನ್ನು ಬೆರೆಸದಂತೆಯೂ ಎಚ್ಚರ ವಹಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಅಗ್ಗದ ಟಾಗಲ್ಲುಗಳಲ್ಲಿ ಬಹುಪಾಲು 6 ಮಿಲಿಮೀಟರಿನವು, ಕಾಲು ಇಂಚಿನದು 6.35, ನೋಡಲು ಒಂದೇ ತರಹ ಕಂಡರೂ ಒಂದರ ನಟ್ಟು ಇನ್ನೊಂದಕ್ಕೆ ಆಗುವುದಿಲ್ಲ. ಜ್ಯಾಕಿನ ಥ್ರೆಡ್ಡೂ 6 ಮಿಲಿಮೀಟರೇ, ಆದರೆ ಅದರ ಸುತ್ತುಗಳ ನಡುವಿನ ಅಂತರ 0.5, ಈ ಸ್ವಿಚ್ಚುಗಳದು 0.75. ಬೆರಳಿನಿಂದ ಎರಡು ಸುತ್ತಾದರೂ ಸಲೀಸಾಗಿ ಹೋಗದ ನಟ್ಟನ್ನು ಸ್ಪ್ಯಾನರಿನಿಂದ ಒಪ್ಪಿಸಲು ಹೋಗಬೇಡಿ.

ಪ್ರಶ್ನೆ (ಬೆಳಗಾವಿಯಿಂದ): ಪೌಡರ್ ಕೋಟಿಂಗ್ ಮಾಡಿಸಿದ ಪ್ಯಾನೆಲ್ಲಿನ ರಂಧ್ರಗಳಿಗೆ ಸ್ವಿಚ್ಚು ಹೋಗುತ್ತಲೇ ಇಲ್ಲ. ಕೋಟಿಂಗ್‌ಗೆ ಮುನ್ನ ಸರಿಯಾಗಿಯೇ ಇತ್ತು. ಒತ್ತಿ ತಿರುಗಿಸಿ ಹಾಕಲೇ?

ಉತ್ತರ: ಬೇಡ. ಪೌಡರ್ ಕೋಟಿಂಗ್ ದಪ್ಪನೆಯ ಲೇಪ, ಸಾಮಾನ್ಯವಾಗಿ 60ರಿಂದ 120 ಮೈಕ್ರಾನ್; ರಂಧ್ರದ ಒಳಗೋಡೆಯ ಮೇಲೂ ಅದು ಕೂತಿರುವುದರಿಂದ ವ್ಯಾಸದಲ್ಲಿ ಅದರ ಎರಡರಷ್ಟು, ಎಂದರೆ 0.12ರಿಂದ 0.24 ಮಿಲಿಮೀಟರಿನವರೆಗೆ ಕಡಿಮೆಯಾಗಿರುತ್ತದೆ. 6.5 ಮಿಲಿಮೀಟರಿನ ರಂಧ್ರಕ್ಕೆ 6.35ರ ಸ್ವಿಚ್ಚು ಹೋಗಬೇಕಿದ್ದರೆ ಉಳಿದಿದ್ದ ಸಡಿಲ 0.15 ಮಾತ್ರವಾದ್ದರಿಂದ ಅದು ಹೋಗದಿರುವುದು ಸಹಜ. ಥ್ರೆಡ್ಡನ್ನೇ ತಿರುಗಿಸಿ ತೂರಿಸಿದರೆ ಅಂಚಿನ ಲೇಪ ಚಕ್ಕೆಯಾಗಿ ಏಳುತ್ತದೆ, ಒಮ್ಮೆ ಎದ್ದ ಚಕ್ಕೆ ನಟ್ಟಿನ ಆಚೆಗೂ ಹಬ್ಬಬಹುದು.

ದುಂಡನೆಯ ಸಣ್ಣ ಅರದಿಂದ ಒಳಗೋಡೆಯ ಲೇಪವನ್ನಷ್ಟೇ ತೆಗೆಯಿರಿ. ಇಲ್ಲಿ ದಿಕ್ಕು ಮುಖ್ಯ. ಅರವನ್ನು ಎದುರಿನಿಂದ ಹಿಂದಕ್ಕೆ ಮಾತ್ರ ತಳ್ಳಿ. ಹಿಂದಕ್ಕೆಳೆಯುವಾಗ ಗೋಡೆಗೆ ತಾಗಿಸದೆ ಎತ್ತಿಕೊಳ್ಳಿ. ಎದುರಿನಿಂದ ತಳ್ಳಿದಾಗ ಅರ ಲೇಪವನ್ನು ಲೋಹಕ್ಕೇ ಒತ್ತುತ್ತಾ ಕತ್ತರಿಸುತ್ತದೆ, ಹಿಂದಿನಿಂದ ತಳ್ಳಿದರೆ ಲೋಹದಿಂದ ಎಬ್ಬಿಸುತ್ತದೆ. ನಾಲ್ಕು ಸಲ ತಳ್ಳಿದ ಮೇಲೆ ಒಮ್ಮೆ ಸ್ವಿಚ್ಚನ್ನು ಹಾಕಿ ನೋಡುತ್ತಾ ಹೋಗಿ. ಮುಂದಿನ ಸಲ ಕೋಟಿಂಗ್ ಮಾಡಿಸುವ ಮುನ್ನ ರಂಧ್ರಗಳನ್ನು 0.3 ಮಿಲಿಮೀಟರ್ ದೊಡ್ಡದಾಗಿ ಕೊರೆಯಿಸಿಕೊಳ್ಳಿ.

ಪ್ರಶ್ನೆ (ಮಂಗಳೂರಿನಿಂದ): ಅಕ್ರಿಲಿಕ್ ಪ್ಯಾನೆಲ್ಲಿನಲ್ಲಿ ಸ್ವಿಚ್ಚು ಕೂರಿಸಿ, ಅಂಟಿನ ಕಲೆ ಹೋಗಲೆಂದು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ. ಮರುದಿನ ರಂಧ್ರದ ಸುತ್ತ ಜೇಡರಬಲೆಯಂಥ ಬಿರುಕುಗಳು ಕಂಡವು.

ಉತ್ತರ: ನಟ್ಟಿನ ಬಿಗಿತದಿಂದ ಒಳಗೆ ಒತ್ತಡದಲ್ಲಿರುವ ಅಕ್ರಿಲಿಕ್ಕಿಗೆ ಆಲ್ಕೋಹಾಲು ತಾಗಿದರೆ ಹೀಗಾಗುವುದು ಹೊಸತೇನಲ್ಲ. ಬಿರುಕನ್ನು ಹಿಂದಕ್ಕೆ ತರಲು ಆಗದು. ಇನ್ನು ಮುಂದೆ ಅಕ್ರಿಲಿಕ್ಕನ್ನು ಸೋಪಿನ ನೀರಿನಿಂದಲೇ ಒರೆಸಿ, ಪ್ಯಾನೆಲ್ಲಿನ ಎರಡೂ ಬದಿಗೆ ಪ್ಲಾಸ್ಟಿಕ್ ವಾಷರ್ ಹಾಕಿ, ಹಲ್ಲಿನ ವಾಷರನ್ನು ಹಿಂಬದಿಯಲ್ಲೂ ಬಳಸಬೇಡಿ. ರಂಧ್ರ ಸ್ವಿಚ್ಚಿನ ಕುತ್ತಿಗೆಗಿಂತ ಅರ್ಧ ಮಿಲಿಮೀಟರಿನಷ್ಟು ಸಡಿಲವಾಗಿರಲಿ, ಏಕೆಂದರೆ ಬಿಸಿಲಿಗೆ ಅಕ್ರಿಲಿಕ್ ಅಲ್ಯೂಮಿನಿಯಂನ ಸುಮಾರು ಮೂರರಷ್ಟು ಹಿಗ್ಗುತ್ತದೆ.

ಪ್ಲಾಸ್ಟಿಕ್ ವಾಷರ್ ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಕಚೇರಿಯ ಪಂಚಿಂಗ್ ಯಂತ್ರ ಹಾಳೆಗೆ ಮಾಡುವ ತೂತಿನ ವ್ಯಾಸ 6 ಮಿಲಿಮೀಟರ್, ನಮ್ಮ ಚಿಕ್ಕ ಸ್ವಿಚ್ಚು ಮತ್ತು ಜ್ಯಾಕಿಗೆ ಬೇಕಾದ್ದೂ ಅಷ್ಟೇ. ಪ್ರೊಜೆಕ್ಟರಿಗೆ ಬಳಸುವ ಪಾರದರ್ಶಕ ಹಾಳೆಗೋ ಹಳೆಯ ಪ್ಲಾಸ್ಟಿಕ್ ಫೈಲಿನ ಹೊದಿಕೆಗೋ ಒಂದು ಪಂಚ್ ಹೊಡೆದು, ಸುತ್ತ ಕತ್ತರಿಯಿಂದ ನಟ್ಟಿನ ಅಳತೆಗೆ ದುಂಡಗೆ ಕತ್ತರಿಸಿದರೆ ವಾಷರ್ ಸಿದ್ಧ. ಕಾಲು ಇಂಚಿನ ಸ್ವಿಚ್ಚಿಗೆ ಅದು ಸ್ವಲ್ಪ ಬಿಗಿಯಾಗುತ್ತದೆ, ತಿರುಗಿಸಿದರೆ ಹೋಗುತ್ತದೆ.

ಪ್ರಶ್ನೆ (ಶಿವಮೊಗ್ಗದಿಂದ): ಗೀರಾಗುತ್ತದೆಂಬ ಹೆದರಿಕೆಯಿಂದ ಸಡಿಲವಾಗಿ ಹಾಕಿದ ಸ್ವಿಚ್ಚು ಈಗ ಕಡ್ಡಿ ಆಡಿಸಿದಾಗಲೆಲ್ಲ ತಿರುಗುತ್ತದೆ. ಫೆವಿಕ್ವಿಕ್ ಹಾಕಬಹುದೇ?

ಉತ್ತರ: ದಯವಿಟ್ಟು ಬೇಡ. ಆ ಜಾತಿಯ ಅಂಟು ನೀರಿನಷ್ಟು ತೆಳುವಾಗಿದ್ದು ಸ್ವಿಚ್ಚಿನ ಒಳಕ್ಕೆ ಹರಿದು ಅದನ್ನೇ ಅಂಟಿಸಿಬಿಡಬಹುದು. ಅದರ ಆವಿ ಕಪ್ಪು ಪ್ಯಾನೆಲ್ಲಿನ ಮೇಲೆ ಬೂದಿ ಬಿದ್ದಂತೆ ಬಿಳಿಯ ಪೊರೆ ಕೂರಿಸುತ್ತದೆ. ಹಿಂಬದಿಗೆ ಹಲ್ಲಿನ ವಾಷರ್ ಹಾಕಿದರೆ ಈ ತೊಂದರೆ ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತದೆ. ವಾಷರಿಗೆ ಜಾಗವಿಲ್ಲದ ಕಡೆ, ಪ್ಯಾನೆಲ್ಲನ್ನು ಪೆಟ್ಟಿಗೆಯಿಂದ ಬಿಚ್ಚಿ ಹಿಂಬದಿಯಲ್ಲಿ ಥ್ರೆಡ್ಡು ಮತ್ತು ಪ್ಯಾನೆಲ್ಲು ಸೇರುವಲ್ಲಿ ಉಗುರುಬಣ್ಣದ ಒಂದು ಹನಿ ಇಟ್ಟು ಒಣಗಲು ಬಿಡಿ. ಬೇಕಾದಾಗ ಬಿರಿದು ಬಿಚ್ಚಿಕೊಳ್ಳುತ್ತದೆ. ಅಕ್ರಿಲಿಕ್ ಪ್ಯಾನೆಲ್ಲಿಗೆ ಮಾತ್ರ ಉಗುರುಬಣ್ಣವನ್ನಾಗಲಿ ಥ್ರೆಡ್ ಲಾಕರ್ ದ್ರವವನ್ನಾಗಲಿ ತಾಗಿಸಬೇಡಿ, ಎರಡೂ ಅದನ್ನು ಕೆಡಿಸುತ್ತವೆ.

ಪ್ರಶ್ನೆ (ತುಮಕೂರಿನಿಂದ): ಎಲ್ಲ ಕಡೆ ನೈಲಾನ್ ವಾಷರ್ ಹಾಕಿದ ಮೇಲೆ ಸ್ವಿಚ್ಚಿನ ಲೋಹದ ಕಡ್ಡಿ ಮುಟ್ಟಿದಾಗ ಸ್ಪೀಕರಿನಲ್ಲಿ ಗುಂಯ್‌ಗುಟ್ಟುವ ಸದ್ದು ಬರುತ್ತಿದೆ. ಸಂಬಂಧವಿದೆಯೇ?

ಉತ್ತರ: ಇದೆ. ಮೊದಲು ಸ್ವಿಚ್ಚಿನ ಲೋಹದ ದೇಹ ಪ್ಯಾನೆಲ್ಲಿನ ಮೂಲಕ ಗ್ರೌಂಡಿಗೆ ಸೇರಿತ್ತು. ನೈಲಾನ್ ಆ ದಾರಿಯನ್ನು ಮುಚ್ಚಿತು. ಆನೊಡೈಸ್ ಪದರವೂ ವಿದ್ಯುತ್ತನ್ನು ಹರಿಯಗೊಡುವುದಿಲ್ಲ ಎಂಬುದನ್ನು ನೆನಪಿಡಿ, ಆದ್ದರಿಂದ ಬರೀ ನೈಲಾನ್ ತೆಗೆದರೂ ಸಂಪರ್ಕ ಖಚಿತವಲ್ಲ. ಎದುರಿಗೆ ನೈಲಾನ್ ಇರಲಿ, ಹಿಂದಕ್ಕೆ ಹಲ್ಲಿನ ವಾಷರ್ ಹಾಕಿ. ಅದರ ಹಲ್ಲು ಹಿಂಬದಿಯ ಆಕ್ಸೈಡನ್ನು ಒಡೆದು ಲೋಹವನ್ನು ಮುಟ್ಟುತ್ತದೆ. ಪ್ಯಾನೆಲ್ಲು ಗ್ರೌಂಡಿಗೆ ಸೇರಿದೆಯೇ ಎಂಬುದನ್ನು ಮಲ್ಟಿಮೀಟರಿನಲ್ಲಿ ನೋಡುವಾಗ ಅದರ ಮೊನೆಯನ್ನು ಎದುರಿನ ಕಪ್ಪು ಮೈಗೆ ಚುಚ್ಚದೆ ಹಿಂಬದಿಯ ವಾಷರಿಗೆ ತಾಗಿಸಿ.

ಪ್ರಶ್ನೆ (ಬೆಂಗಳೂರಿನಿಂದ): ಗೀರು ಬಿದ್ದಾಗಿದೆ. ಮುಚ್ಚುವ ದಾರಿ ಏನು?

ಉತ್ತರ: ತೇಯ್ದು ಹೊಳಪು ಕೊಡಲು ಹೋಗಬೇಡಿ, ಸಣ್ಣ ಗೀರು ದೊಡ್ಡ ಮಚ್ಚೆಯಾಗುತ್ತದೆ. ಕಪ್ಪು ಆನೊಡೈಸ್ ಪ್ಯಾನೆಲ್ಲಿನ ಮೇಲೆ ಕಪ್ಪು ಪರ್ಮನೆಂಟ್ ಮಾರ್ಕರಿನ ತುದಿಯನ್ನು ಗೀರಿನ ಒಳಗಷ್ಟೇ ಓಡಿಸಿ, ಹೊರಗೆ ಹರಡಿದ್ದನ್ನು ತಕ್ಷಣ ಬೆರಳಿನಿಂದ ಒರೆಸಿದರೆ ಒಂದು ಮೊಳ ದೂರದಿಂದ ಕಾಣುವುದಿಲ್ಲ. ಬಳೆಯಾಕಾರದ ಗುರುತಾದರೆ ಇನ್ನೂ ಸುಲಭ: ಸ್ವಲ್ಪ ಅಗಲವಾದ ನುಣುಪು ವಾಷರನ್ನೋ, ಅಲಂಕಾರಕ್ಕೆಂದು ಮಾರುವ ದುಂಡನೆಯ ನಟ್ಟನ್ನೋ ಮೇಲೆ ಹಾಕಿ. ಪಿಸಿಬಿಯನ್ನೇ ಪ್ಯಾನೆಲ್ಲಾಗಿ ಬಳಸಿದ ಕಿಟ್‌ಗಳಲ್ಲಿ ಗೀರಿನಡಿಯಲ್ಲಿ ತಾಮ್ರ ಇಣುಕುತ್ತದೆ. ಅಲ್ಲಿಯೂ ಮಾರ್ಕರ್ ನಡೆಯುತ್ತದೆ.

ಪ್ರಶ್ನೆ (ಧಾರವಾಡದಿಂದ): ಕಿಟ್‌ನಲ್ಲಿ ಇಲ್ಲದ ಒಂದು ಸ್ವಿಚ್ಚನ್ನು ನಾನೇ ಸೇರಿಸಬೇಕೆಂದಿದ್ದೇನೆ. ಸಿದ್ಧ ಪ್ಯಾನೆಲ್ಲಿನಲ್ಲಿ ಹೊಸ ರಂಧ್ರ ಕೊರೆದರೆ ಲೇಪ ಉಳಿಯುತ್ತದೆಯೇ?

ಉತ್ತರ: ಉಳಿಯುತ್ತದೆ, ಅವಸರ ಮಾಡದಿದ್ದರೆ. ಮೊದಲು ಬೋರ್ಡನ್ನೂ ಎಲ್ಲ ಬಿಡಿಭಾಗಗಳನ್ನೂ ಪ್ಯಾನೆಲ್ಲಿನಿಂದ ಬಿಚ್ಚಿ ದೂರವಿಡಿ, ಹೊಸ ಸ್ವಿಚ್ಚಿನ ದೇಹ ಹಿಂದೆ ಯಾವುದಕ್ಕೂ ತಾಗುವುದಿಲ್ಲವೆಂದು ಅಳೆದು ಖಚಿತಪಡಿಸಿಕೊಳ್ಳಿ. ಎದುರಿನ ಮೈಗೆ ಟೇಪ್ ಅಂಟಿಸಿ, ಟೇಪಿನ ಮೇಲೆಯೇ ಪೆನ್ಸಿಲಿನಿಂದ ಗುರುತು ಮಾಡಿ. ಪ್ಯಾನೆಲ್ಲಿನ ಅಡಿಗೆ ಸಪಾಟಾದ ಮರದ ತುಂಡು ಇಟ್ಟು, ಎರಡನ್ನೂ ಅಲುಗದಂತೆ ಬಿಗಿದು, ಎದುರಿನಿಂದಲೇ ಕೊರೆಯಿರಿ. ಡ್ರಿಲ್ ಹೊರಬರುವ ಬದಿಯಲ್ಲಿ ಏಳುವ ಚೂಪಾದ ಅಂಚು ಹೀಗೆ ಹಿಂಬದಿಗೆ ಹೋಗುತ್ತದೆ. ಸುತ್ತಿಗೆಯಿಂದ ಪಂಚ್ ಹೊಡೆದರೆ ಎರಡು ಮಿಲಿಮೀಟರಿನ ಅಲ್ಯೂಮಿನಿಯಂ ತಗ್ಗಾಗಬಹುದು, ಅದರ ಬದಲು ಒಂದೂವರೆ ಮಿಲಿಮೀಟರಿನ ಬಿಟ್ಟಿನಿಂದ ಆರಂಭಿಸಿ 3, 5, ಕೊನೆಗೆ ಬೇಕಾದ ಅಳತೆ ಎಂದು ಮೇಲೇರಿ.

ನನ್ನ ಅನುಭವದಲ್ಲಿ ಈ ಕೆಲಸದಲ್ಲಿ ಗೀರು ಬೀಳುವುದು ಡ್ರಿಲ್ಲಿನಿಂದಲ್ಲ, ಅದು ಉದುರಿಸುವ ಲೋಹದ ಚೂರುಗಳಿಂದ. ಬಿಟ್ಟಿನ ತುದಿಗೆ ಸುರುಳಿಯಾಗಿ ಸುತ್ತಿಕೊಂಡ ಚೂರು ಪ್ಯಾನೆಲ್ಲಿನ ಮೇಲೆ ಚಾಟಿಯಂತೆ ಬೀಸುತ್ತದೆ. ಹಾಗಾಗಿ ಟೇಪು ರಂಧ್ರದ ಸುತ್ತ ಒಂದು ಗೇಣಾದರೂ ಇರಲಿ, ಆಗಾಗ ನಿಲ್ಲಿಸಿ ಚೂರು ತೆಗೆಯಿರಿ. ಮುಗಿದ ಮೇಲೆ ಬಟ್ಟೆಯಿಂದ ಒರೆಸುವ ಚಪಲವನ್ನು ತಡೆದುಕೊಳ್ಳಿ, ಒರೆಸಿದರೆ ಆ ಚೂರುಗಳೇ ಮರಳು ಕಾಗದವಾಗುತ್ತವೆ. ಮೆತ್ತನೆಯ ಬ್ರಷ್ಷಿನಿಂದ ಉದುರಿಸಿ, ಹಿಂಬದಿಯ ಅಂಚನ್ನು ದೊಡ್ಡ ಬಿಟ್ಟಿನ ತುದಿಯಿಂದ ಕೈಯಲ್ಲೇ ತಿರುಗಿಸಿ ನಯ ಮಾಡಿ, ಟೇಪು ತೆಗೆದು ಪ್ಯಾನೆಲ್ಲನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಬೋರ್ಡನ್ನು ಅದರ ಹತ್ತಿರ ತರುವುದು ಆಮೇಲೆ.